ಸಭೆಯಲ್ಲಿ ಸುಮ್ಮನಿದ್ದವರು

ಕುದ್ರುವಿಗೆ ಬಂದ ಮರುದಿನ ಬೆಳಿಗ್ಗೆ ಹೊಳೆಯಾಚೆಯಿಂದ ‘ಹ್ವಾಯ್’ ಎಂಬ ದೀರ್ಘ ಕೂಗು ಕೇಳಿ, ಯಾರೋ ಮುಳುಗುತ್ತಿದ್ದಾರೆಂದು ಬರಿಗಾಲಲ್ಲಿ ಓಡಿದೆ. ದಡದಲ್ಲಿ ಮಂಜು. ಅದರೊಳಗೆ ದೋಣಿಯೊಂದು ಸದ್ದಿಲ್ಲದೆ ಹೊರಟಿತು. ಆಚೆ ನಿಂತವರು ದೋಣಿ ಕರೆದದ್ದು, ಅಷ್ಟೆ. ವಿಜಯಪುರದಲ್ಲಿ ಹುಟ್ಟಿ, ನೀರನ್ನು ಬಾವಿಯೊಳಗೆ ಬಗ್ಗಿ ನೋಡಿಯೇ ಬೆಳೆದ ನನಗೆ, ನಾಲ್ಕೂ ಕಡೆ ನೀರಿರುವ ನೆಲದ ಮೇಲೆ ಮಲಗಿ ಏಳುವುದೇ ಕನಸಿನಂತಿತ್ತು. ಹೊಳೆಯ ನಡುವಿನ ಇಂಥ ದ್ವೀಪವನ್ನು ಇಲ್ಲಿ ಕುದ್ರು ಎನ್ನುತ್ತಾರೆ. ಕರಾವಳಿಯ ಹೆಮ್ಮಾಡಿ ಪೇಟೆ ಹತ್ತಿರವೇ ಇದ್ದರೂ ಹೆದ್ದಾರಿಯ ಲಾರಿಗಳ ಸದ್ದು ನೀರು ದಾಟುವಷ್ಟರಲ್ಲಿ ಮೆತ್ತಗಾಗಿಬಿಡುತ್ತದೆ.

ಮಾನವಶಾಸ್ತ್ರದ ಸಂಶೋಧನೆಗೆಂದು ಬಂದವಳು ನಾನು. ಕೋಣೆ ಬಾಡಿಗೆಗೆ ಕೊಟ್ಟ ಗಿರಿಜಕ್ಕ ಮೊದಲೇ ಕೇಳಿದ್ದರು, “ಅದ್ರಗೆ ಎಂತ ಮಾಡುದ್?”

“ಜನರ ಜೋಡಿ ಇದ್ದು, ಅವರು ಹ್ಯಾಂಗ ಬದುಕತಾರ ಅಂತ ತಿಳಕೊಳ್ಳೋದ್ರಿ.”

“ಅದಕ್ಕೆ ಕಾಲೇಜಿಗ್ ಹೋಯ್ಕಾ?” ಎಂದು ನಕ್ಕು, ಕುಚ್ಚಲಕ್ಕಿ ಗಂಜಿ ಬಡಿಸಿದರು.

ನಮ್ಮಲ್ಲಿ ಊಟದ ಹೊತ್ತೆಂದರೆ ರೊಟ್ಟಿ ಬಡಿಯುವ ಸದ್ದು. ಇಲ್ಲಿ ಗಂಜಿ ಯಾರಿಗೂ ಕೇಳದಂತೆ ಬೇಯುತ್ತದೆ. ಅವರದೂ ಕನ್ನಡ, ನನ್ನದೂ ಕನ್ನಡ; ಆದರೂ ‘ಬಪ್ಪುದ್’, ‘ಹೋಪುದ್’ ಎಂದರೆ ಬರುವುದು, ಹೋಗುವುದು ಎಂದು ತಿಳಿಯುವಷ್ಟರಲ್ಲಿ ಮಾತು ಎಲ್ಲೋ ಮುಂದೆ ಹೋಗಿರುತ್ತಿತ್ತು. ಸಂಜೆ ಹೊಳೆಯ ಮೇಲೆ ಬೆಳಕು ಕರಗುವಾಗ, ನನ್ನ ಭಾಷೆಯಲ್ಲಿ ಯಾರೊಡನೆಯಾದರೂ ಜಗಳವಾದರೂ ಆಡಬೇಕೆನಿಸುತ್ತಿತ್ತು. ದೋಣಿಯಲ್ಲಿ ಅಜ್ಜಿಯೊಬ್ಬರು ಸರಿದು, “ಕೂಕಣಿ” ಎಂದು ಜಾಗ ಕೊಟ್ಟ ದಿನ ಅಮ್ಮನಿಗೆ ಫೋನು ಮಾಡಿ ದೊಡ್ಡ ಸುದ್ದಿಯಂತೆ ಹೇಳಿದೆ.

ಮಳೆಗಾಲ ಹಿಡಿದ ಮೇಲೆ ಕುದ್ರುವಿಗೆ ಕಾಲುಸಂಕ, ಅಂದರೆ ನಡೆದು ದಾಟುವ ಸೇತುವೆ, ಕಟ್ಟುವ ಮಾತು ಬಂತು. ಸಭೆಯಲ್ಲಿ ಗಂಡಸರು ಬಡಗು ತುದಿಗೆ ಆಗಲಿ ಎಂದರು. ಅಲ್ಲಿ ಹೊಳೆ ಕಿರಿದು, ಕೆಲಸ ಬೇಗ ಮುಗಿಯುತ್ತದೆ. ಹಿಂದೆ ನಿಂತ ಹೆಂಗಸರು ಒಂದು ಮಾತೂ ಆಡಲಿಲ್ಲ. ಎಲ್ಲರೂ ಒಪ್ಪಿದರೆಂದು ಸಭೆಗೆ ಬಂದಿದ್ದ ಇಂಜಿನಿಯರ್ ಹೊರಟರು.

ಮಧ್ಯಾಹ್ನ ಜಗಲಿಯಲ್ಲಿ ಹಲಸಿನ ಬೀಜ ಸುಲಿಯುತ್ತಿದ್ದ ಹೆಂಗಸರ ಜೊತೆ ಕುಳಿತೆ. ಗಿರಿಜಕ್ಕನ ಸೊಸೆ ಸುಮತಿ ಬಸುರಿ. ಕಣ್ಣೆತ್ತದೆ ಹೇಳಿದಳು, “ಬಡಗ್ ಬದಿಯಗೆ ಇಳ್ದ್ರೆ ಬಸ್ಸಿಗೆ ಗದ್ದಿ ದಾಟಿ ಹೋಯ್ಕ್. ಮಳ್ಗಾಲ್ದಗೆ ಮೊಣಕಾಲ್ ನೀರ್. ನೋವ್ ಬಂದ್ರೆ ಎಂತ ಮಾಡುದ್?”

“ಸಭಾದಾಗ ಯಾಕ ಹೇಳ್ಲಿಲ್ಲ?”

“ಮಾವಯ್ಯ ಎದ್ರಿಗೇ ಕೂತಿದ್ರ್. ಹ್ಯಾಂಗ್ ಹೇಳುದ್?”

ಉಳಿದವರೂ ಒಬ್ಬೊಬ್ಬರಾಗಿ ಮಾತು ಸೇರಿಸಿದರು. ಶಾಲೆ, ಮೀನು ಮಾರುವ ಜಾಗ, ಆಸ್ಪತ್ರೆಗೆ ಹೋಗುವ ಬಸ್ಸು, ಎಲ್ಲವೂ ಈಗ ದೋಣಿ ನಿಲ್ಲುವ ತೆಂಕು ದಡದತ್ತಲೇ ಇದ್ದವು.

ಇದನ್ನು ಪ್ರಬಂಧದಲ್ಲಿ ಬರೆದರೆ ಗುರುಗಳು ಮೆಚ್ಚಬಹುದು. ಅಷ್ಟರಲ್ಲಿ ಸಂಕ ಬಡಗಿನಲ್ಲಿ ಎದ್ದಿರುತ್ತದೆ. ನಾನೇ ಹೋಗಿ ಹೇಳಿದರೆ, ಹೊರಗಿನವಳು ಮನೆಯೊಳಗೆ ಜಗಳ ತಂದಳು ಎಂದಾಗಿ, ತೊಂದರೆ ಸುಮತಿಗೇ. ಏನು ಮಾಡುವುದೆಂದು ಗಿರಿಜಕ್ಕನನ್ನು ಕೇಳಿದೆ. ಅವರು, “ಇಂಜಿನಿಯರ್ನ ಇಲ್ಲಿಗೇ ಕರ್ಸಿ. ದಾರಿ ನಾನ್ ತೋರ್ಸ್ತೆ” ಎಂದರು.

ಇಂಜಿನಿಯರ್ ಬಂದರು. ಹೆಂಗಸರು ಅವರನ್ನು ಬಡಗು ದಡದಾಚೆ ಗದ್ದೆಯಂಚಿನ ಮೇಲೆ ನಡೆಸಿದರು. ಬೇಡವೆಂದರೂ ಸುಮತಿ ಬಂದಳು. ಗಿರಿಜಕ್ಕನ ಗಂಡ ಕೊಡೆ ಹಿಡಿದು ಹಿಂದೆಯೇ ಬಂದರು. ಅರ್ಧ ದಾರಿಯಲ್ಲಿ ಸುಮತಿ ಸುಸ್ತಾಗಿ ನಿಂತುಬಿಟ್ಟಳು. ಅವಳನ್ನೂ ಮುಂದಿನ ಕೆಸರನ್ನೂ ನೋಡಿದ ಮಾವ ಕೊಡೆಯನ್ನು ಅವಳ ತಲೆಯ ಮೇಲೆ ಹಿಡಿದು, “ಇಲ್ಲ್ ಬ್ಯಾಡ. ತೆಂಕಿಗೇ ಆಯ್ಲಿ” ಎಂದರು. ಎಲ್ಲರೂ ತಿರುಗಿ ನಡೆದರು.

ತೆಂಕಿನಲ್ಲಿ ಹೊಳೆ ಅಗಲ. ಈಗಿನ್ನೂ ಕಂಬಗಳಷ್ಟೇ ಎದ್ದಿವೆ, ಅವುಗಳ ನಡುವೆ ದೋಣಿ ನುಸುಳುತ್ತದೆ. ಸುಮತಿ ಹೆರಿಗೆಗೆ ಮೊದಲೇ ತಲ್ಲೂರಿನ ತವರಿಗೆ ಹೋಗಿ, ಮಗಳನ್ನು ಎತ್ತಿಕೊಂಡು ಬಂದಳು.

ಈ ಶಾಸ್ತ್ರದಿಂದ ಯಾರಿಗೇನು ಉಪಯೋಗ ಎಂದು ನಮ್ಮೂರಿನವರು ಕೇಳುತ್ತಾರೆ. ಸಂಕ ಕಟ್ಟುವವರು ಬೇರೆ ಇದ್ದಾರೆ. ಸಭೆಯಲ್ಲಿ ಸುಮ್ಮನಿದ್ದವರ ಪಕ್ಕ ಕೂರುವಷ್ಟು ಪುರುಸೊತ್ತು ಇದಕ್ಕಿದೆ. ಸದ್ಯಕ್ಕೆ ನನಗೆ ಹೇಳಲು ತಿಳಿದಿರುವುದು ಇಷ್ಟೇ.

ಈಚೆಗೆ ವಿಜಯಪುರಕ್ಕೆ ಹೋಗಿದ್ದಾಗ ಅಂಗಡಿಯಲ್ಲಿ ಬಾಯಿತಪ್ಪಿ “ಇದ್ಕೆಂತ ರೇಟ್?” ಎಂದೆ. “ಯಾವ ಕಡಿಂದ ಬಂದೀರ್ರಿ?” ಎಂದರು ಅಂಗಡಿಯವರು. ಜೊತೆಗಿದ್ದ ಅಮ್ಮ ನನ್ನ ಮುಖ ನೋಡಿದಳು. ಕುದ್ರುವಿಗೆ ಮರಳಿದ ಸಂಜೆ ಗಿರಿಜಕ್ಕ ಮೊಮ್ಮಗಳನ್ನು ನನ್ನ ಮಡಿಲಿಗೆ ಕೊಟ್ಟು ಕೇಳಿದರು, “ಇನ್ನ್ ನಿಮ್ಮೂರಿಗೆ ಪೂರ್ತಿ ಹೋಪುದ್ ಯಾವಾಗ?”

ಮಗು ನನ್ನ ಬೆರಳು ಹಿಡಿದಿತ್ತು. “ಗೊತ್ತಿಲ್ಲೆ” ಎಂದೆ. ಅದು ನಮ್ಮೂರಿನ ಮಾತಲ್ಲವೆಂದು ಆಮೇಲೆ ಹೊಳೆಯಿತು.