ತೊಳೆಸಿಕೊಂಡು ಬಂದ ಕಂಪ್ಯೂಟರ್

ಮಹಾನವಮಿಗೆ ದೇವರ ಮುಂದೆ ಘಟ ಹಾಕುವ ಮೊದಲು ನಮ್ಮ ಮನೆಯಲ್ಲಿ ತೊಳೆಯದೆ ಉಳಿಯುವ ವಸ್ತು ಇರುತ್ತಿರಲಿಲ್ಲ. ಡಬ್ಬಿ, ಪರದೆ, ದೇವರ ಸಾಮಾನು ಎಲ್ಲವೂ ಹೊರಗೆ ಬರುತ್ತಿದ್ದವು. ಹಾಸಿ ಹೊದೆಯುವ ಕೌದಿಗಳನ್ನು ಆಟೋದಲ್ಲಿ ಹೇರಿಕೊಂಡು ಶಹಾಪುರದ ಹೊರಗಿನ ಕಾಲುವೆಗೆ ಒಯ್ಯುತ್ತಿದ್ದೆವು. ಆ ವರ್ಷ ನಾನು ಅಲ್ಲಿ ಕೌದಿ ಬಡಿಯುತ್ತಿದ್ದ ಹೊತ್ತಿನಲ್ಲಿ ಭಾವ, ಅಂದರೆ ನನ್ನ ಗಂಡನ ಅಣ್ಣ, ಮನೆಯ ಕಂಪ್ಯೂಟರನ್ನು ಬಜಾರಿನ ಒಂದು ಅಂಗಡಿಗೆ ಒಯ್ದರು. ಅದರಲ್ಲಿ ಹೆಚ್ಚು ಕೆಲಸ ಮಾಡುತ್ತಿದ್ದವಳು ನಾನು. ನನ್ನನ್ನು ಕೇಳಲಿಲ್ಲ.

ಒದ್ದೆ ಸೀರೆಯಲ್ಲೇ ಮನೆಗೆ ಬಂದಾಗ ಅದು ಪಡಸಾಲೆಯಲ್ಲಿ ತನ್ನ ಜಾಗದಲ್ಲಿತ್ತು. ಮೇಲೊಂದು ಕುಂಕುಮದ ಬೊಟ್ಟು.

"ಇದನ್ನೂ ತೊಳಸ್ಕೊಂಡ್ ಬಂದೀನಿ. ಒಳಗಿನ ಹಳೀ ಹೊಲಸೆಲ್ಲ ತೆಗಿಸಿ ಹೊಸಾದು ಹಾಕ್ಸೀನಿ. ಇನ್ನ ಕುದುರಿ ಓಡಿದಂಗ ಓಡ್ತದ," ಎಂದು ಭಾವ ನನ್ನ ಗಂಡನಿಗೆ ಹೇಳುತ್ತಿದ್ದರು.

ನಾನು ಸೀರೆ ಬದಲಿಸದೆ ಕುರ್ಚಿಯಲ್ಲಿ ಕುಳಿತು ಅದನ್ನು ಚಾಲೂ ಮಾಡಿದೆ. ನನ್ನ ಫೋಲ್ಡರ್ ಇತ್ತು. 'ಅವ್ವ' ಎಂಬ ಹೆಸರೂ ಹಾಗೇ ಇತ್ತು. ಒತ್ತಿದರೆ ತೆರೆಯಲಿಲ್ಲ. ನಿಮಗೆ ಅನುಮತಿ ಇಲ್ಲ ಎಂಬ ಅರ್ಥದ ಇಂಗ್ಲಿಷ್ ಸಾಲೊಂದು ಬಂತು. ಮತ್ತೆ ಒತ್ತಿದೆ. ಅದೇ ಸಾಲು.

ಆ ಫೋಲ್ಡರಿನಲ್ಲಿ ಏನಿತ್ತೆಂದು ಹೇಳಬೇಕು. ನನ್ನ ತವರು ಸುರಪುರದ ಕಡೆಯ ಹಳ್ಳಿ. ಕಾಲುವೆ ನಮ್ಮ ಹೊಲವನ್ನು ಸೀಳಿಕೊಂಡು ಹೋಗಿದೆ. ಅದು ಬರುವ ಮೊದಲು ಯಾವ ಬಾವಿ ಎಲ್ಲಿತ್ತು, ಯಾವ ಬದುವಿಗೆ ಏನೆನ್ನುತ್ತಿದ್ದರು, ಕಣ ಎಲ್ಲಿ ಮಾಡುತ್ತಿದ್ದರು ಎಂಬುದೆಲ್ಲ ಅವ್ವನಿಗೆ ಮಾತ್ರ ಗೊತ್ತಿತ್ತು. ಒಂದು ರಜೆಯಲ್ಲಿ ನಾನು ಯಾರದೋ ರೆಕಾರ್ಡರ್ ಕೇಳಿ ತಂದು, ಅವಳೊಂದಿಗೆ ಕಾಲುವೆಯ ದಂಡೆಗುಂಟ ನಡೆದು, ಅವಳು ಬೊಟ್ಟು ಮಾಡಿ ಹೇಳಿದ್ದನ್ನೆಲ್ಲ ಹಿಡಿದಿಟ್ಟಿದ್ದೆ. ಮರುವರ್ಷ ಅವಳಿಗೆ ಲಕ್ವಾ ಹೊಡೆಯಿತು. ಮಾತು ಹೋಯಿತು. ಅವಳು ಬದುಕಿದ್ದಳು, ಆದರೆ ಇನ್ನೊಮ್ಮೆ ಕೇಳುವಂತಿರಲಿಲ್ಲ. ಆ ಮಾತುಗಳು ಬೇರೆಲ್ಲೂ ಇರಲಿಲ್ಲ.

ಭಾವ ಹಿಂದೆ ಬಂದು ನಿಂತು ಪರದೆಯ ಮೇಲಿನ ಸಾಲನ್ನು ಓದಿದರು. ಆ ಮನೆಯಲ್ಲಿ ಅಣ್ಣನಾದವನು ತಮ್ಮನ ಹೆಂಡತಿಯೊಡನೆ ನೇರ ಮಾತಾಡುವ ರೂಢಿ ಇರಲಿಲ್ಲ. ನಾನು ಒಂದು ಮೊಳ ದೂರದಲ್ಲಿದ್ದರೂ ಮಾತು ನನ್ನ ಗಂಡನ ಮೂಲಕವೇ ಬರಬೇಕು.

"ಕೀಲಿ ಹಾಕ್ಯಾಳ. ಕೇಳು ಅಕಿಗಿ. ಮನ್ಯಾಗ ಒಂದು ಟ್ರಂಕಿಗೂ ಕೀಲಿ ಇಲ್ಲ, ಇದಕ್ಯಾಕ?"

"ಯಾಕ ಹಾಕೀದಿ?" ಎಂದು ಗಂಡ ಕೇಳಿದರು.

"ನಾ ಹಾಕಿಲ್ಲರಿ. ಅವ್ವನ ಮಾತು ಅವ ಅದರಾಗ."

"ಅವ್ವನ ಮಾತಂತ, ಅಣ್ಣ."

"ಅವ್ವನ ಮಾತಿಗಿ ಕೀಲಿ ಯಾಕ ಬೇಕೋ? ನಿಜಾಮನ ಖಜಾನಿ ಎಲ್ಲಿ ಹುಗದಾರಂತ ಹೇಳ್ಯಾಳೇನ ಮುದುಕಿ?"

ಭಾವ ನಕ್ಕರು. ನನ್ನ ಗಂಡನೂ ನಕ್ಕರು. ಭಾವನ ನಗೆಗಿಂತ ಆ ಎರಡನೆಯ ನಗೆಗೆ ನನಗೆ ಹೆಚ್ಚು ಸಿಟ್ಟು ಬಂತು. ಬರೆಯುವಾಗ ಈಗಲೂ ಬರುತ್ತಿದೆ.

ಅಂಗಡಿಯವನಿಗೆ ಫೋನು ಹೋಯಿತು. ಅವನ ದನಿ ನನಗೂ ಕೇಳುತ್ತಿತ್ತು. "ಮೇಡಂನೋರು ಪಾಸ್‌ವರ್ಡ್ ಹಾಕಿರಬೇಕರಿ. ಬ್ಯಾಡಂದ್ರ ತರ್ರಿ, ಎಲ್ಲಾ ಅಳಸಿ ಸಾಫ್ ಮಾಡಿ ಕೊಡ್ತೀನಿ." ತಾನೇ ಮಾಡಿದ್ದನ್ನು ಅವನು ನನ್ನ ತಲೆಗೆ ಕಟ್ಟಿದ್ದ.

ಭಾವ ಫೋನು ಇಟ್ಟು ತಮ್ಮನಿಗೆ ಹೇಳಿದರು: "ಘಟ ಹಾಕೋದರಾಗ ತೆಗದು ಎಲ್ಲರ ಮುಂದ ತೋರಸ್ಲಿ. ಇಲ್ಲಾಂದ್ರ ಅಳಸ್ಕೊಂಡ್ ಬರ್ತೀನಿ."

ಮರುದಿನ ನಾನು ಕೆಲಸ ಮಾಡುತ್ತಿದ್ದ ಶಾಲೆಯಿಂದ ಯಾದಗಿರಿಯ ನನ್ನ ಗೆಳತಿಗೆ ಫೋನು ಮಾಡಿದೆ. ಅವಳು ಅಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಿದ್ದಳು. ಮೊದಲು ನನ್ನನ್ನೇ ಬೈದಳು. "ಇನ್ನೊಂದು ಕಾಪಿ ಇಡಬಾರದೇನ ಹುಚ್ಚಿ?" ಆಮೇಲೆ ತಿಳಿಸಿ ಹೇಳಿದಳು. ಹಿಂದೆ ಆ ಯಂತ್ರದಲ್ಲಿ ಶಾಲೆಯ ಕೆಲಸಕ್ಕೆಂದು ನನ್ನದೇ ಹೆಸರಿನ ಖಾತೆಯೊಂದಿತ್ತು. ಫೋಲ್ಡರ್ ಆ ಖಾತೆಗೆ ಸೇರಿದ್ದು. ಹೊಸ ವಿಂಡೋಸ್ ಹಾಕಿದಾಗ ಆ ಖಾತೆ ಹೋಯಿತು, ಫೋಲ್ಡರ್ ಮಾತ್ರ ಉಳಿಯಿತು. ಅದೇ ಹೆಸರಿಟ್ಟುಕೊಂಡು ಮತ್ತೆ ಬಂದರೂ ಯಂತ್ರಕ್ಕೆ ನಾನು ಬೇರೆಯವಳು. "ಅಳಸಾಕ ಮಾತ್ರ ಕೊಡಬ್ಯಾಡ. ಅದರ ಮಾಲಕಿ ನೀನೇ ಅಂತ ಮತ್ತ ಬರಸ್ಕೋಬೇಕು."

ಸಂಜೆ ಅವಳು ಹೇಳಿದಂತೆ ಮಾಡಿದೆ. ಕಂಪ್ಯೂಟರ್ ಚಾಲೂ ಆಗುವಾಗ ಎಫ್-ಎಂಟು ಗುಂಡಿಯನ್ನು ಒತ್ತುತ್ತಲೇ ಇದ್ದು ಸೇಫ್ ಮೋಡ್ ಎಂಬ ದುರಸ್ತಿಯ ಸ್ಥಿತಿಗೆ ಹೋದೆ. ಅಡ್ಮಿನಿಸ್ಟ್ರೇಟರ್ ಎಂಬ ಹೆಸರಿನಿಂದ ಒಳಹೊಕ್ಕೆ. ಫೋಲ್ಡರಿನ ಗುಣಲಕ್ಷಣಗಳಲ್ಲಿ ಭದ್ರತೆ, ಅದರೊಳಗೆ ಮಾಲೀಕರು ಎಂಬ ಜಾಗ. ಅಲ್ಲಿ ಹೆಸರು ಬದಲಿಸಿದೆ. ಹೊರಗಿನ ಫೋಲ್ಡರ್ ತೆರೆಯಿತು, ಅದರೊಳಗಿನವು ತೆರೆಯಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಭಾವ ಯಾರಿಗೋ "ಇನ್ನೂ ನಾಟಕ ನಡದದ," ಎನ್ನುವುದು ಕೇಳಿತು. ತಿರುಗಿ ನೋಡಲಿಲ್ಲ. ಒಳಗಿನ ಎಲ್ಲದಕ್ಕೂ ಇದೇ ಅನ್ವಯಿಸಲಿ ಎಂಬ ಚಿಕ್ಕ ಚೌಕವೊಂದು ಕೆಳಗಿತ್ತು. ಅದಕ್ಕೆ ಗುರುತು ಹಾಕಿ ಮತ್ತೆ ಮೊದಲಿನಿಂದ ಮಾಡಿದೆ.

ತೆರೆಯಿತು. ಇದ್ದ ಕಡತಗಳನ್ನೆಲ್ಲ ಒಂದೊಂದಾಗಿ ನೋಡಿಕೊಂಡೆ. ಕಂಪ್ಯೂಟರನ್ನು ಎಂದಿನಂತೆ ಮತ್ತೆ ಚಾಲೂ ಮಾಡಿ, ಎಲ್ಲವನ್ನೂ ಸಿ.ಡಿ.ಗೆ ಇಳಿಸಿದೆ. ಆಮೇಲೆ ಹೆಡ್‌ಫೋನ್ ಹಾಕಿಕೊಂಡು ಒಂದನ್ನು ಒತ್ತಿದೆ. ಗಾಳಿಯ ಸದ್ದು, ನೀರಿನ ಸದ್ದು. ಬಳಿಕ ಅವ್ವ: "ಇಲ್ಲಿ ಬ್ಯಾಡ, ಮುಂದ ಬಾ. ಹಾಂ. ಈ ನೀರಿನ ಬುಡಕ ನಮ್ಮ ಕಣ. ಏನ ಹಂಗ ನೋಡ್ತಿ, ಖರೇನ ಹೇಳಾಕತ್ತೀನಿ."

ಘಟ ಹಾಕುವ ದಿನ ಬೆಳಿಗ್ಗೆ ಎಲ್ಲರೂ ಪಡಸಾಲೆಯಲ್ಲಿದ್ದರು. ಭಾವ ತಮ್ಮನ ಕಡೆ ಮುಖ ಮಾಡಿದರು.

"ತೆರೀತೇನು ಕೇಳು."

ಗಂಡ ನನ್ನತ್ತ ತಿರುಗುವ ಮೊದಲೇ ನಾನು ಭಾವನ ಮುಖ ನೋಡಿ ಹೇಳಿದೆ: "ತೆರದದರಿ ಭಾವಾರ. ನಿಮಗ ತೋರ್ಸಂಗಿಲ್ಲ."

ತೋರಿಸಿದ್ದರೆ ಒಂದೇ ನಿಮಿಷದಲ್ಲಿ ಅವರ ಅನುಮಾನ ಸತ್ತುಹೋಗುತ್ತಿತ್ತು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ನಕ್ಕವರ ನಡುವೆ ಅವ್ವನ ದನಿಯನ್ನು ಸಾಕ್ಷಿಗೆ ನಿಲ್ಲಿಸಲು ನನಗೆ ಮನಸ್ಸಾಗಲಿಲ್ಲ.

"ಏನೋ ಅದ ಅದರಾಗ," ಎಂದರು ಭಾವ, ತಮ್ಮನಿಗೆ.

ಗಂಡ ನನ್ನನ್ನೇ ನೋಡುತ್ತಿದ್ದರು. ನಾನು ಹೂವಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದೆ.