ಮಾತಾಡಿಸಲು ಬಂದ ತಂಗಿ

ಎಮ್ಮಿಗನೂರಿನ ನಮ್ಮ ಓಣಿಯಲ್ಲಿ ಯಾರೇ ಹಾಸಿಗೆ ಹಿಡಿದರೂ ಮೊದಲು ಅವರ ಮನೆಗೆ ಹೋಗುತ್ತಿದ್ದವಳು ಸಂಗಮ್ಮ. ಬ್ರೆಡ್ಡು, ಬಾಳೆಹಣ್ಣು ಹಿಡಿದು ಹೋಗಿ, ರೋಗಿಯ ತಲೆದಿಂಬಿನ ಪಕ್ಕದಲ್ಲೇ ಕೂತು, ಮೈದಡವಿ ಮಾತಾಡಿಸಿ ಬರಬೇಕು. ದೂರ ಕೂತರೆ ನಮ್ಮಲ್ಲಿ ಅದು ಮಾತಾಡಿಸಿದಂತಲ್ಲ. ಬಾರದವರನ್ನು ವರ್ಷಗಟ್ಟಲೆ ಆಡಿಕೊಳ್ಳುವುದರಲ್ಲೂ ನಾವು ಹಿಂದೆ ಬಿದ್ದವರಲ್ಲ.

ಆ ಸಂಗಮ್ಮನೇ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲಿನ ಎಲುಬು ಮುರಿದುಕೊಂಡಳು. ಹೊಸಪೇಟೆಯ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ, ರಾಡ್ ಹಾಕಿ ಕಳಿಸಿದರು. ವಾಕರ್ ಹಿಡಿಸಿ ದಿನವೂ ನಡೆಸಿದರೆ ಸುಗ್ಗಿಯ ಹೊತ್ತಿಗೆ ತಾನೇ ಓಡಾಡುತ್ತಾಳೆ ಎಂದ ಡಾಕ್ಟರು ಸೊಸೆ ಗಂಗಾಂಬಿಕಾಳನ್ನು ಕರೆದು ಎಚ್ಚರಿಸಿದ್ದರು: "ಈಗ ಎಲ್ಲಾ ಕಡೆ ಫ್ಲೂ ಭಾಳ ಐತ್ರಿ. ನೆಗಡಿ, ಕೆಮ್ಮು ಇದ್ದೋರನ್ನ ಹತ್ರ ಬಿಡಬ್ಯಾಡ್ರಿ. ಈ ವಯಸ್ಸಿನಾಗ ಜ್ವರ ಬಂದು ಮಲಗಿದ್ರಂದ್ರ ಮತ್ತ ಏಳೋದು ಕಷ್ಟ."

ಗಂಗಾಂಬಿಕಾ ಬಾಗಿಲಲ್ಲೇ ನಿಂತಳು. ಅಡುಗೆ, ಬಟ್ಟೆ, ಅತ್ತೆಯ ಮೈ ತೊಳೆಯುವುದು, ನಡೆಸುವುದು, ಅದರ ಮೇಲೆ ಈ ಕಾವಲು. ಬಂದವರನ್ನು ಕಟ್ಟೆಯ ಮೇಲೆ ಕೂಡಿಸಿ, ಚಹಾ ಕೊಟ್ಟು, ಅಲ್ಲಿಂದಲೇ ಕಳಿಸಿದಳು. ಸೊಸೆಗೆ ಸೊಕ್ಕು ಬಂದಿದೆ ಎಂದಿತು ಓಣಿ. ಪಾಪ, ಅವಳಿಗೆ ಸೊಕ್ಕಲು ಪುರುಸೊತ್ತಾದರೂ ಎಲ್ಲಿತ್ತು?

ಒಳಗೆ ಸಂಗಮ್ಮ ಅಳುತ್ತಿದ್ದಳು. "ಎಷ್ಟ್ ಮಂದೀನ್ನ ಮಾತಾಡ್ಸಿ ಬಂದೀನಿ, ಗಂಗೀ. ನನ್ನ ಹತ್ರ ಒಬ್ರೂ ಬರವಲ್ರಲ್ಲ! ಸತ್ತಾಳಂತ ತಿಳದಾರೇನು?"

"ಬರ್ತಾರ ಅತ್ತೀ. ಮೊದ್ಲು ಏಳ್ರಿ, ನಡೀರಿ" ಎಂದು ಸೊಸೆ ಎಬ್ಬಿಸುತ್ತಿದ್ದಳು. ಗೊಣಗುತ್ತಲೇ ಮುದುಕಿ ಅಡುಗೆಮನೆಯವರೆಗೆ ನಡೆಯುವಂತಾದಳು.

ಒಂದು ಮಧ್ಯಾಹ್ನ ಕಂಪ್ಲಿಯಿಂದ ಸಂಗಮ್ಮನ ತಂಗಿ ಹೇಮಾವತಿ ಬಂದಳು. ಮೂಗು ಸೋರುತ್ತಿತ್ತು, ಕೆಮ್ಮೂ ಇತ್ತು. ಗಂಗಾಂಬಿಕಾ ಅಡ್ಡ ನಿಂತಳು. ದನಿ ಕೇಳಿದ ಸಂಗಮ್ಮ ಒಳಗಿಂದಲೇ ಕೂಗಿದಳು: "ಒಡಹುಟ್ಟಿದಾಕಿನ್ನೂ ತಡೀತೀಯೇನ? ಬಿಡು ಒಳಗ!"

ಸೊಸೆಗೆ ಸಾಕುಸಾಕಾಗಿತ್ತು. ಸರಿದು ನಿಂತಳು. ಅಕ್ಕತಂಗಿಯರು ತಬ್ಬಿಕೊಂಡು ಅತ್ತರು, ಸಂಜೆಯವರೆಗೂ ಒಂದೇ ಹಾಸಿಗೆಯಲ್ಲಿ ಹರಟಿದರು. ಬಿದ್ದ ಮೇಲೆ ಸಂಗಮ್ಮ ಅಷ್ಟು ನಕ್ಕದ್ದು ಅಂದೇ.

ಆ ವಾರವೇ ಅವಳಿಗೆ ಜ್ವರ ಬಂತು, ಕಫ ಎದೆಗಿಳಿಯಿತು. ಮತ್ತೆ ಹೊಸಪೇಟೆ, ಮತ್ತೆ ಆಸ್ಪತ್ರೆ, ಮೂಗಿಗೆ ಆಕ್ಸಿಜನ್. ಜೀವವೇನೋ ಉಳಿಯಿತು. ಆದರೆ ಅಲುಗಾಡದೆ ಮಲಗಿದ್ದಕ್ಕೆ ಕಾಲುಗಳು ಸೊರಗಿದವು. ವಾಕರ್ ಹಿಡಿಸಿದರೆ ಏದುಸಿರು ಬರುತ್ತಿತ್ತು.

"ಎಲುಬು ಛಲೋ ಕೂಡೇತ್ರಿ" ಎಂದರು ಡಾಕ್ಟರು, "ಆದ್ರ ನಡಿಯೋ ಶಕ್ತಿ ಉಳಿದಿಲ್ಲ. ಇನ್ನ ಆ ಆಸೆ ಬ್ಯಾಡ್ರಿ."

ಸುದ್ದಿ ಕೇಳಿ ಹೇಮಾವತಿ ಓಡಿ ಬಂದಳು. ಅಕ್ಕನ ಬಡಕಲು ಕಾಲು ಹಿಡಿದು ಗೋಳಾಡಿದಳು: "ನಾ ಬಂದಾಗ ಎಷ್ಟ್ ಚೆಂದ ಇದ್ದೆಲ್ಲಕ್ಕ! ಯಾವ ಪಾಪಿ ತಂದು ಹಚ್ಚಿದ್ರು ಈ ಜ್ವರಾನ? ನಿನ್ ಸೊಸಿ ಕಂಡಕಂಡೋರ್ನೆಲ್ಲ ಒಳಗ ಬಿಟ್ಟಾಳೇನು?"

ಗಂಗಾಂಬಿಕಾ ಬಾಯಿ ತೆರೆದಳು. ಸಂಗಮ್ಮ ಅವಳ ಕೈ ಹಿಡಿದು ಮೆಲ್ಲಗೆ ಅದುಮಿದಳು.

"ಇಕೀದೇನೂ ತಪ್ಪಿಲ್ಲ, ಹೇಮೀ. ಓಣಿ ಮಂದೀನ್ನ ನಾನ ಕರಕಂಡಿದ್ದೆ. ಯಾರಿಂದ ಬಂತೋ ಏನೋ, ಬಿಡು."

ತಂಗಿ ನಂಬಿ ಕಣ್ಣೊರೆಸಿಕೊಂಡಳು. ಗಂಗಾಂಬಿಕಾ ಅತ್ತೆಯ ಸೊಂಟದ ಕೆಳಗೆ ಕೈ ಕೊಟ್ಟು ಎತ್ತಿ, ಬೆಡ್‌ಪ್ಯಾನ್ ಇಟ್ಟಳು.