ಮಾವನ ಅಂಗಳದಲ್ಲಿ ಗುರುಗ್ರಹದ ಬಿರುಗಾಳಿ

ಹೊನ್ನವಳ್ಳಿಯ ಮಾವನ ಮನೆಗೆ ನಾನು ಹಿರಿಯಳಿಯ. ಅಟ್ಟದ ಕಾಯಿ ಯಾವಾಗ ಇಳಿಸಬೇಕು, ಕೊಬ್ಬರಿ ಯಾವ ವಾರ ತಿಪಟೂರಿಗೆ ಹಾಕಬೇಕು, ಬೋರಿಗೆ ಎಂಥ ಮೋಟಾರು ಇಳಿಸಬೇಕು, ಎಲ್ಲಕ್ಕೂ ಮಾವ ನನ್ನನ್ನೇ ಕೇಳುತ್ತಿದ್ದರು. ಸೈಕಲ್ಲಿನಲ್ಲಿ ಕಾಯಿ ಹೇರಿ ವ್ಯಾಪಾರ ಕಲಿತವನು ನಾನು. ನನ್ನ ಮಾತಿಗಿದ್ದ ಆ ಬೆಲೆಯನ್ನು ಯಾರೂ ಪುಕ್ಕಟೆ ಕೊಟ್ಟದ್ದಲ್ಲ.

ಹೋದ ಚಳಿಗಾಲ ಒಂದು ಮುಸ್ಸಂಜೆ ನನ್ನ ಷಡ್ಡಕ, ಅಂದರೆ ನಾದಿನಿಯ ಗಂಡ, ಒಂದು ಟೆಲಿಸ್ಕೋಪು ತಂದು ಅಂಗಳದಲ್ಲಿ ನಿಲ್ಲಿಸಿದ. ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ನಾನು ಮಾವನ ಹತ್ತಿರ ಕೊಬ್ಬರಿ ವಿಷಯ ಎತ್ತಿದ್ದೆನಷ್ಟೇ.

"ತಡೀರಿ ಅಳಿಯಂದ್ರೇ, ಇವ್ರು ಗುರುಗ್ರಹದ್ದು ಹೇಳ್ತಾವ್ರೆ" ಎಂದುಬಿಟ್ಟರು ಮಾವ.

ನನ್ನ ಮಾತನ್ನು ಮಾವ ತಡೆದದ್ದು ಅದೇ ಮೊದಲು.

"ಅಲ್ಲಿ ನೆಲವೇ ಇಲ್ಲ ಮಾವ, ಮೇಲೆಲ್ಲ ಮೋಡದ ಪಟ್ಟೆ," ಷಡ್ಡಕ ಹೇಳುತ್ತಿದ್ದ. "ಒಂದು ಪಟ್ಟೆ ಗಾಳಿ ಮೂಡಲಕ್ಕೆ ಓಡಿದ್ರೆ ಪಕ್ಕದ್ದು ಪಡುವಲಕ್ಕೆ. ಎರಡರ ಸಂದೀಲಿ ಒಂದು ಕೆಂಪು ಬಿರುಗಾಳಿ ನೂರೈವತ್ತು ವರ್ಷಕ್ಕೂ ಮೇಲಿಂದ ಸುತ್ತುತಾ ಕೂತೈತೆ. ನಮ್ಮ ಭೂಮಿನೇ ನುಂಗೋವಷ್ಟು ದೊಡ್ಡದು."

ನಾನು ಕಣ್ಣಿಟ್ಟೆ. ಮಾಸಲು ಬಿಲ್ಲೆಯ ಮೇಲೆ ಎರಡು ಕಂದು ಗೆರೆ. ಕೆಂಪಿನ ಸುಳಿವಿಲ್ಲ. ಯಾವ ಸರಕೇ ಆಗಲಿ, ಮೊದಲು ಕುಂದು ಹುಡುಕಿ, ಹೊಗಳುವುದನ್ನು ಕೊನೆಗೆ ಇಟ್ಟುಕೊಳ್ಳಿ ಎಂದು ಎಲ್ಲರಿಗೂ ಹೇಳುವವನು ನಾನು.

"ಎಲ್ಲೈತಯ್ಯಾ ಕೆಂಪು? ಸರಕು ತೋರಿಸ್ದೆ ಬರೀ ಬಾಯಲ್ಲೇ ವ್ಯಾಪಾರ ಮಾಡ್ತೀಯಲ್ಲ!"

"ಆ ಮಗ್ಗುಲಿಗೆ ತಿರುಗೈತೆ ಅಣ್ಣ. ನಾಳೆ ಇದೇ ಹೊತ್ತಿಗೆ ಈ ಕಡೆ ಬರ್ತದೆ."

"ನಾಳೆ ಬಾ ಅನ್ನೋ ಅಂಗಡಿಗೆ ನಾನು ಎರಡನೇ ಸಲ ಹೋಗಲ್ಲ ಕಣಯ್ಯ."

ಮಾವ ನಕ್ಕರು. ಅವತ್ತಿನ ಮುದ್ದೆ ಬಲು ರುಚಿಯಾಗಿತ್ತು.

ಆದರೆ ಮಾವನ ಕಣ್ಣಿಗೆ ಪೊರೆ ಬಂದಿದೆ. ಊಟ ಮುಗಿಸಿ ತಾವೂ ಟೆಲಿಸ್ಕೋಪಿಗೆ ಕಣ್ಣಿಟ್ಟು, "ನಂಗೆ ಹಿಟ್ಟು ಚೆಲ್ದಂಗೆ ಕಾಣ್ತದೆ ಅಷ್ಟೇ," ಎಂದರು. "ನಾಳೆ ನೀವೇ ನೋಡಿ ಹೇಳಿ ಅಳಿಯಂದ್ರೇ. ನೀವು ಐತೆ ಅಂದ್ರೆ ಐತೆ, ಇಲ್ಲ ಅಂದ್ರೆ ಇಲ್ಲ."

ಮರುದಿನ ಮುಸ್ಸಂಜೆ ಮತ್ತೆ ಕಣ್ಣಿಟ್ಟೆ. ಮೊದಲು ಏನೂ ಕಾಣಲಿಲ್ಲ. ಉಸಿರು ಬಿಗಿಹಿಡಿದು ಕಾದೆ. ಬಿಲ್ಲೆಯ ನಡುಕ ನಿಂತಾಗ, ಒಂದು ಗೆರೆಯ ಅಂಚಿನಲ್ಲಿ ಮಚ್ಚೆ ಕಂಡಿತು. ಇತ್ತು. ಖಂಡಿತ ಇತ್ತು.

ಷಡ್ಡಕ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ. ನಾನು 'ಇಲ್ಲ' ಅಂದಿದ್ದರೆ ಸಾಕಿತ್ತು, ಟೆಲಿಸ್ಕೋಪು ಪೆಟ್ಟಿಗೆ ಸೇರುತ್ತಿತ್ತು, ಮಾವ ಪೂರ್ತಿ ನನ್ನವರಾಗುತ್ತಿದ್ದರು. ನಾಲಿಗೆಯ ತುದಿಯವರೆಗೂ ಬಂದಿತ್ತು. ಆದರೆ ಎದುರಾಳಿಯನ್ನು ಕೆಡವಲು ಒಳ್ಳೆಯ ಕಾಯಿಯನ್ನು ಕೊಳೆತದ್ದು ಎಂದವನ ಮಾತನ್ನು ಮುಂದಿನ ಸಂತೆಯಲ್ಲಿ ಯಾರು ನಂಬುತ್ತಾರೆ?

"ಐತೆ ಮಾವ," ಎಂದೆ. "ಹಳೇ ಹೆಂಚಿನ ಬಣ್ಣ."

"ನಿಂತಲ್ಲೇ ನಿಂತೈತಾ, ಓಡ್ತೈತಾ?"

ನನಗೆ ಗೊತ್ತಿರಲಿಲ್ಲ. ಷಡ್ಡಕನ ಮುಖ ನೋಡಬೇಕಾಯಿತು.

"ತೇಲ್ತದೆ ಮಾವ. ಮೇಲಕ್ಕೂ ಹೋಗಲ್ಲ, ಕೆಳಕ್ಕೂ ಇಳಿಯಲ್ಲ, ಅದೇ ಸಂದೀಲಿ ಪಕ್ಕಕ್ಕೆ ಜಾರ್ತದೆ. ದಾರೀಲಿ ಸಣ್ಣ ಸುಳಿ ಸಿಕ್ರೆ ನುಂಗ್ಕೊಂತದೆ."

"ನಮ್ ಗಾಳಿ ನಾಕು ಗರಿ ಕೆಡವಿ ಸುಮ್ನಾಯ್ತದಲ್ಲ. ಅದ್ಯಾಕೆ ಸುಮ್ನಾಗಲ್ಲ?"

ಷಡ್ಡಕ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ: "ನೆಲ ಇಲ್ವಲ್ಲ ಮಾವ! ಗುಡ್ಡ ಇಲ್ಲ, ತೋಟ ಇಲ್ಲ. ಯಾವುದಕ್ಕೆ ಬಡಿದು ಸುಸ್ತಾಗಬೇಕು ಅದು?"

"ಸರಿಯಾಗಿ ಹೇಳಿದ್ರಿ ಅಣ್ಣ," ಎಂದ ಷಡ್ಡಕ. ಆ ಮೆಚ್ಚುಗೆ ಇನ್ನೂ ಜಾಸ್ತಿ ಚುಚ್ಚಿತು.

ಅಂದಿನಿಂದ ಅವನಿಗೆ ಫೋನು ಮಾಡಿ ತಿಳಿದುಕೊಂಡು, ಮಾವನಿಗೆ ನನ್ನ ಮಾತಿನಂತೆ ಹೇಳುತ್ತಿದ್ದೆ. ಮೊನ್ನೆ ಮಾವನ ಮುಂದೆ ಕೂತು, ಹಿಂದೊಮ್ಮೆ ಗುರುಗ್ರಹದಲ್ಲಿ ಮೂರು ಬಿಳಿ ಬಿರುಗಾಳಿಗಳು ತೇಲುತ್ತ ತೇಲುತ್ತ ಹತ್ತಿರವಾಗಿ ಒಂದೇ ಆದವು ಎಂದೆ.

"ಆಮೇಲೆ?"

ಅಷ್ಟು ಕೇಳಿಕೊಂಡಿರಲಿಲ್ಲ. ಮಾತನ್ನು ಕೊಬ್ಬರಿ ರೇಟಿಗೆ ತಿರುಗಿಸಿದೆ.

"ಹಂಗಾದ್ರೆ ಮೇಷ್ಟ್ರನ್ನೇ ಕರೀರಿ," ಎಂದರು ಮಾವ.

ನಾನೇ ಕರೆದೆ. ಅವನು ಬಂದು ಹೇಳತೊಡಗಿದ. ನಾನೂ ಕಿವಿಗೊಟ್ಟು ಕುಳಿತೆ. ಮುಂದಿನ ಸಲ ಮಾವ ಕೇಳಿದರೆ ಮೊದಲ ಉತ್ತರ ನನ್ನದಾಗಬೇಕಲ್ಲ.